ಅಂಕಪಟ್ಟಿಗೆ ಬಂದ ಹೆಸರು

(ಉಪನ್ಯಾಸದ ಬರಹರೂಪ)

ಕ್ರಿಕೆಟ್ಟಿನ ಅಂಕಪಟ್ಟಿಯಲ್ಲಿ 'ಕರ್ನಾಟಕ' ಎಂಬ ಹೆಸರು ಕಾಣಿಸಿಕೊಂಡದ್ದು 1973-74ರ ರಣಜಿ ಋತುವಿನಲ್ಲಿ. ಅದಕ್ಕೆ ಮೊದಲು ಈ ತಂಡ 'ಮೈಸೂರು'. 1934ರ ನವೆಂಬರಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವನ್ನು ಆಡಿದ್ದೂ ಮೈಸೂರೇ, ಮದ್ರಾಸಿನ ಎದುರು. ಒಂದೇ ದಿನದಲ್ಲಿ ಆ ಪಂದ್ಯ ಮುಗಿದು ಮೈಸೂರು ಸೋತಿತು. ಆರಂಭ ಅಷ್ಟೇನೂ ಶುಭವಾಗಿರಲಿಲ್ಲ ಎನ್ನಬೇಕು.

ಇದು ರೋಣ, ನರಗುಂದ, ಗಜೇಂದ್ರಗಡಗಳಿಗೆ ಹೇಗೆ ಸಂಬಂಧ ಎಂದು ಕೇಳಬಹುದು. ಈ ಸೀಮೆಯಲ್ಲಿ ಕುಸ್ತಿ ಉಂಟು, ಕಬಡ್ಡಿ ಉಂಟು, ಊರೂರಿಗೆ ಗರಡಿಮನೆ ಉಂಟು. ಕ್ರಿಕೆಟ್ಟು ಇಲ್ಲಿನ ಮಣ್ಣಿನ ಆಟವಲ್ಲ. ಆದರೆ ಹೆಸರಿನ ಮಾತು ಬಂದಾಗ ಈ ಎರೆಭೂಮಿಯನ್ನು ಬಿಟ್ಟು ಕತೆ ಮುಂದೆ ಸಾಗುವುದಿಲ್ಲ.

1956ರ ನವೆಂಬರ್ 1ರವರೆಗೆ ಈ ಊರುಗಳು ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಆಡಳಿತದಲ್ಲಿದ್ದವು. ಶಾಸನಸಭೆ ಮುಂಬಯಿಯಲ್ಲಿ, ಹೈಕೋರ್ಟೂ ಮುಂಬಯಿಯಲ್ಲಿ. ಹೊಲದ ತಕರಾರು ಮೇಲಿನ ಕೋರ್ಟಿಗೆ ಹೋದರೆ ಕಾಗದಪತ್ರ ಕಟ್ಟಿಕೊಂಡು ಅಲ್ಲಿಗೇ ಹೋಗಬೇಕಿತ್ತು. ಏಕೀಕರಣದಿಂದ ಆ ನಂಟು ಹರಿಯಿತು. ಆದರೆ ಸೇರಿದ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಹಳೆಯ ಸಂಸ್ಥಾನದವರಿಗೆ ಅದು ಅಭಿಮಾನದ ಹೆಸರು, ರೋಣದವರಿಗೆ ಹಾಗಲ್ಲ. ತಾವು ಸೇರಿದ್ದು ಕರ್ನಾಟಕವನ್ನೋ, ಇನ್ನೊಬ್ಬರ ಮನೆಯನ್ನೋ ಎಂಬ ಅನುಮಾನ ಬಹುಕಾಲ ಹೋಗಲಿಲ್ಲ.

ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಈ ಅಸಮಾಧಾನಕ್ಕೆ ದನಿಯಾದವರು. ಸ್ವಾತಂತ್ರ್ಯ ಹೋರಾಟ, ಬಳಿಕ ಏಕೀಕರಣ ಚಳವಳಿ, ಎರಡರಲ್ಲೂ ಅವರು ಮುಂಚೂಣಿಯಲ್ಲಿದ್ದರು. ರಾಜ್ಯ ಒಂದಾದ ಮೇಲೂ ಸುಮ್ಮನೆ ಕೂರಲಿಲ್ಲ. ನಾಡಿಗೆ ಕರ್ನಾಟಕ ಎಂಬ ಹೆಸರೇ ಬೇಕೆಂದು ವಿಧಾನಸಭೆಯಲ್ಲಿ ಪಟ್ಟು ಹಿಡಿದರು. 1972ರಲ್ಲಿ ಅವರು ತೀರಿಕೊಂಡರು. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರ ನಾಮಕರಣದ ಸಂಭ್ರಮವನ್ನು ಹಂಪಿಯಲ್ಲಿ ನಡೆಸಿ ಗದುಗಿಗೂ ತಂದಿತು. (2023ರಲ್ಲಿ 50 ವರ್ಷ ತುಂಬಿದಾಗಲೂ ಆಚರಣೆಗೆ ಆರಿಸಿಕೊಂಡದ್ದು ಇದೇ ಎರಡು ಊರುಗಳನ್ನು.)

ಅದೇ ಚಳಿಗಾಲದಲ್ಲಿ ಎರಾಪಳ್ಳಿ ಪ್ರಸನ್ನ ಅವರ ನಾಯಕತ್ವದ ತಂಡ ಹೊಸ ಹೆಸರಿನಲ್ಲಿ ಅಂಗಳಕ್ಕಿಳಿಯಿತು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್, ವಿಕೆಟ್ಟಿನ ಹಿಂದೆ ಸೈಯದ್ ಕಿರ್ಮಾನಿ, ಪೋಲಿಯೊದಿಂದ ಸೊರಗಿದ ಬಲಗೈಯನ್ನೇ ಅಸ್ತ್ರ ಮಾಡಿಕೊಂಡ ಬಿ.ಎಸ್. ಚಂದ್ರಶೇಖರ್. ಇವರು ಅಮೆರಿಕದ ಬೇಸ್‌ಬಾಲ್ ಆಟಗಾರರಂತೆ ತಂಡದಿಂದ ಸಂಬಳ ಪಡೆದು ಆಟವನ್ನೇ ಉದ್ಯೋಗ ಮಾಡಿಕೊಂಡವರಲ್ಲ. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ನೌಕರ. ಪ್ರಸನ್ನ ಎಂಜಿನಿಯರಿಂಗ್ ಓದು ಮುಗಿಸಲೆಂದು ಟೆಸ್ಟ್ ಕ್ರಿಕೆಟ್ಟಿನಿಂದ ಕೆಲವು ವರ್ಷ ದೂರವೇ ಉಳಿದಿದ್ದವರು.

ಎದುರಿಗಿದ್ದ ಮುಂಬಯಿಯ ಮಾತೇ ಬೇರೆ. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಅದರ ಕಪಾಟು ಬಿಟ್ಟು ಕದಲಿರಲಿಲ್ಲ. ಮೈಸೂರು ಎರಡು ಬಾರಿ, 1941-42 ಮತ್ತು 1959-60ರಲ್ಲಿ, ಫೈನಲ್ ತಲುಪಿ ಎರಡು ಸಲವೂ ಮುಂಬಯಿಗೇ ಶರಣಾಗಿತ್ತು.

1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ವಿಶ್ವನಾಥ್ ಎದುರಿಸಿದ ಮೊದಲ ಎಸೆತಕ್ಕೇ ಅಬ್ದುಲ್ ಇಸ್ಮಾಯಿಲ್ ಎಲ್‌ಬಿಡಬ್ಲ್ಯುಗಾಗಿ ಕೂಗಿದರು. ಅಂಪೈರ್ ಬೆರಳೆತ್ತಲಿಲ್ಲ. ಆ ಬೆರಳು ಮೇಲೆದ್ದಿದ್ದರೆ ಈ ಉಪನ್ಯಾಸಕ್ಕೆ ವಿಷಯವೇ ಇರುತ್ತಿರಲಿಲ್ಲವೇನೋ! ವಿಶ್ವನಾಥ್ 162, ಪಟೇಲ್ 106, ತಂಡದ ಮೊತ್ತ 385. ರಣಜಿ ನಿಯಮದಲ್ಲಿ, ಪಂದ್ಯ ಪೂರ್ಣಗೊಳ್ಳದಿದ್ದರೆ ಮೊದಲ ಇನಿಂಗ್ಸಿನಲ್ಲಿ ಮುಂದಿರುವವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಆದ್ದರಿಂದ ಮುಂಬಯಿ 386 ಮಾಡುವುದೋ ಇಲ್ಲವೋ ಎಂಬುದರಲ್ಲೇ ಎಲ್ಲವೂ ಅಡಗಿತ್ತು. ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ನಾಯಕ ಅಜಿತ್ ವಾಡೇಕರ್ ಮತ್ತು ಅಶೋಕ್ ಮಂಕಡ್ ನೆಲೆಯೂರಿ ನಿಂತಾಗ ಆತಂಕ ಶುರುವಾಯಿತು. ಆಗಲೇ ವಾಡೇಕರ್ ಕಾಲು ಜಾರಿ ರನೌಟಾದರು. ಮುಂಬಯಿ 307ಕ್ಕೆ ಮುಗಿಯಿತು. 78 ರನ್ನುಗಳ ಮುನ್ನಡೆ ಸಾಕಾಯಿತು. ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿದ ತಂಡ ಮೊದಲ ಬಾರಿಗೆ ಟ್ರೋಫಿ ಎತ್ತಿತು. ಪಾಪ, ರಾಜಸ್ಥಾನವೂ ಅದಕ್ಕೆ ಮುಂಚೆ ಅನೇಕ ಫೈನಲ್‌ಗಳಲ್ಲಿ ಮುಂಬಯಿಯ ಕೈಯಲ್ಲಿ ಸೋತಿತ್ತು.

ಟಿ.ವಿ. ಆಗಿನ್ನೂ ಈ ಭಾಗಕ್ಕೆ ಬಂದಿರಲಿಲ್ಲ. ಸುದ್ದಿ ತಿಳಿಯಬೇಕಾದರೆ ರೇಡಿಯೊ, ಇಲ್ಲವೇ ಮರುದಿನದ ಪತ್ರಿಕೆ. 'ಕರ್ನಾಟಕಕ್ಕೆ ಜಯ' ಎಂಬ ಮಾತು ಕ್ರೀಡಾಪುಟದ ಮಾತಷ್ಟೇ ಆಗಿರಲಿಲ್ಲ. 18 ವರ್ಷದ ಹಿಂದಿನವರೆಗೆ ತಮ್ಮನ್ನು ಆಳಿದ ನಗರದ ತಂಡ, ತಾವು ಕೇಳಿ ಪಡೆದ ಹೆಸರಿನ ಮುಂದೆ ಮಣಿದಿತ್ತು. ಬೆಂಗಳೂರಿನವರಿಗೆ ಅದು ಒಂದು ದೊಡ್ಡ ಗೆಲುವು. ಈ ತಾಲ್ಲೂಕುಗಳ ಪಾಲಿಗೆ ಅದರಲ್ಲಿ ಇನ್ನೊಂದು ಅರ್ಥವೂ ಸೇರಿತ್ತು.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಹೆಸರು ಇಡೀ ನಾಡಿನದು, ಆಟಗಾರರು ಬಹುಪಾಲು ಬೆಂಗಳೂರಿನ ಕ್ಲಬ್ಬುಗಳಲ್ಲಿ ಬೆಳೆದವರು. ಒಳ್ಳೆಯ ಪಿಚ್ಚು, ತರಬೇತಿ, ಆಯ್ಕೆದಾರರ ಕಣ್ಣು, ಬ್ಯಾಂಕಿನ ನೌಕರಿ ಎಲ್ಲ ಅಲ್ಲೇ. ನರಗುಂದದ ಹುಡುಗನೊಬ್ಬ ಎಷ್ಟೇ ಚೆನ್ನಾಗಿ ಚೆಂಡು ತಿರುಗಿಸಿದರೂ ನೋಡುವವರಾರು?

ಉತ್ತರ ಸಿಗಲು ಎರಡು ದಶಕ ಬೇಕಾಯಿತು. 1970ರಲ್ಲಿ ಗದುಗಿನಲ್ಲಿ ಹುಟ್ಟಿದ ಸುನಿಲ್ ಜೋಶಿ ಶಾಲೆಯ ದಿನಗಳಲ್ಲಿ ನಸುಕಿನಲ್ಲೇ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ತರಗತಿಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಕರ್ನಾಟಕ 1977-78 ಮತ್ತು 1982-83ರಲ್ಲಿ ಮತ್ತೆ ಗೆದ್ದು, ಆಮೇಲೆ ಹದಿಮೂರು ವರ್ಷ ಬರಿಗೈಯಲ್ಲಿತ್ತು. ಆ ಬರ ಮುಗಿದದ್ದು 1995-96ರಲ್ಲಿ, ಫೈನಲ್ಲಿನಲ್ಲಿ ತಮಿಳುನಾಡಿನ ಎದುರು. ಆ ಋತುವಿನಲ್ಲಿ ಜೋಶಿ 529 ರನ್ ಹೊಡೆದು 52 ವಿಕೆಟ್ ಕಿತ್ತರು. ಒಂದೇ ರಣಜಿ ಋತುವಿನಲ್ಲಿ 500 ರನ್ನು, 50 ವಿಕೆಟ್ಟು ಎರಡನ್ನೂ ದಾಟುವುದು ಅಪರೂಪದ ಸಾಧನೆ. ಅದೇ ವರ್ಷ ಅವರು ಇಂಗ್ಲೆಂಡಿನಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದನ್ನು ಕ್ರಿಕೆಟ್ ಬಲ್ಲವರು ಇಂದಿಗೂ ನೆನೆಯುತ್ತಾರೆ.

ಜೋಶಿ 52 ವಿಕೆಟ್ ಪಡೆದ ಆ ವರ್ಷ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಅದು ರೋಣ, ನರಗುಂದಗಳನ್ನು ಸೇರಿಸಿಕೊಂಡು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ರೋಣದೊಳಗಿದ್ದ ಗಜೇಂದ್ರಗಡ ತಾಲ್ಲೂಕು ಎನಿಸಿಕೊಂಡದ್ದು ಇನ್ನೂ ಎಷ್ಟೋ ವರ್ಷಗಳ ತರುವಾಯ.