ಬೀಗದ ಕೈ ನಮ್ಮದು, ಲೆಕ್ಕ ಅವರದು
(ಕುಂದಲಹಳ್ಳಿಯ ಸಭೆಯಲ್ಲಿ ಆಡಿದ ಮಾತು)



ನಾವು ಬಿ.ಎ. ಓದಿದವರು, ಅಷ್ಟಿಷ್ಟು ಪದ್ಯ ಬರೆಯೋರು. ಹೊಟ್ಟೆಪಾಡಿಗೆ ಈ ಕಡೆಯ ಒಂದು ಶಾಖಾ ಗ್ರಂಥಾಲಯದಲ್ಲಿ ಬಾಗಿಲು ತೆಗೆದು, ಕಸ ಗುಡಿಸಿ, ಪೇಪರು ಹರಡೋ ಕೆಲಸ ಮಾಡ್ತೀವಿ. ಬೀಗದ ಕೈ ನಮ್ಮ ಹತ್ತಿರ ಇದೆ. ಆದರೆ ಯಾವ ಪುಸ್ತಕ ಬರಬೇಕು, ಯಾರಿಗೆ ಕೊಡಬೇಕು, ಕೆಟ್ಟ ಟ್ಯೂಬ್‌ಲೈಟು ಯಾವಾಗ ಬದಲಾಗಬೇಕು, ಇದೆಲ್ಲ ತೀರ್ಮಾನ ಆಗೋದು ದೂರದ ಕಚೇರಿಯಲ್ಲಿ. ಅಲ್ಲಿಯವರು ನಮ್ಮ ಓದುಗರ ಮುಖ ನೋಡಿಲ್ಲ. ನಮ್ಮನ್ನೂ ಸಂಬಳದ ಪಟ್ಟಿಯಲ್ಲಿ ಮಾತ್ರ ಕಂಡಿದ್ದಾರೆ.

ಒಂದು ಸಂಗತಿ ಹೇಳ್ತೀವಿ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಿಯ ಮಗಳೊಬ್ಬಳು ದಿನಾ ಸಂಜೆ ಬಂದು ನಿಂತುಕೊಂಡೇ ಓದ್ತಿದ್ದಳು. ಒಂದು ದಿನ, 'ಮನೀಗೆ ಒಯ್ಯಲೇನು?' ಅಂದಳು. ಸದಸ್ಯರಾಗೋಕೆ ಠೇವಣಿ ಬೇಕು, ವಿಳಾಸದ ದಾಖಲೆ ಬೇಕು. ತಗಡಿನ ಶೆಡ್ಡಿಗೆ ಎಲ್ಲಿಯ ಡೋರ್ ನಂಬರು? ಕಚೇರಿಗೆ ಪತ್ರ ಬರೆದೆವು, ಉತ್ತರ ಇಲ್ಲ. ನಮ್ಮ ಹೆಸರಿನಲ್ಲೇ ಕೊಟ್ಟೆವು. ನಾಲ್ಕು ಪುಸ್ತಕ ಸಿಮೆಂಟು ಚೀಲದ ಕಾಗದದ ರಟ್ಟು ಹಾಕಿಕೊಂಡು ವಾಪಸು ಬಂದವು. ಐದನೆಯದು ಅವಳ ಕೈಲಿದ್ದಾಗ ಕಟ್ಟಡ ಮುಗೀತು, ಶೆಡ್ಡು ಕಿತ್ತರು, ಅವರೆಲ್ಲ ಹೊರಟುಹೋದರು.

ದಾಸ್ತಾನು ಎಣಿಸೋರು ಬಂದರು. 'ಕಳೆದುಹೋದ ಪುಸ್ತಕ: 1' ಅಂತ ಬರೆದು ನಮ್ಮ ಸಂಬಳದಲ್ಲಿ ಹಿಡಿದರು. ದುಡ್ಡಿಗೆ ನಮಗೆ ಸಂಕಟ ಇಲ್ಲ. ಆ ರಿಜಿಸ್ಟರಿನಲ್ಲಿ 'ಓದಿದ ಪುಸ್ತಕ' ಅಂತ ಒಂದು ಕಾಲಂ ಇಲ್ಲವಲ್ಲ, ಅದೇ ಸಂಕಟ. ಗ್ರಂಥಾಲಯ ಶಾಸ್ತ್ರ ಕಟ್ಟಿದ ರಂಗನಾಥನ್ 1972ರಲ್ಲಿ ತೀರಿಕೊಂಡದ್ದು ಇದೇ ಬೆಂಗಳೂರಲ್ಲಿ. ಪುಸ್ತಕ ಕಾಪಿಡೋಕಲ್ಲ, ಜನ ಬಳಸೋಕೆ ಅನ್ನೋದನ್ನು 1931ರಲ್ಲೇ ಅವರು ತಮ್ಮ ಮೊದಲ ಸೂತ್ರ ಮಾಡಿದ್ದರು.

ಇದು ಯಾರೋ ಹಾಕೋ ಭಿಕ್ಷೆಯಲ್ಲ. ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದಾಗಲೇ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯ್ತು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕೂಡುತ್ತೆ, ಈಗ ರೂಪಾಯಿಗೆ 6 ಪೈಸೆ. ಕುಂದಲಹಳ್ಳಿಯ ಆಸುಪಾಸಿನ ಗಾಜಿನ ಕಟ್ಟಡಗಳಿಗೆಲ್ಲ ತೆರಿಗೆ ಎಷ್ಟು, ಅದರ ಮೇಲೆ ಈ ಕರ ಎಷ್ಟು, ನೀವೇ ಊಹಿಸಿ. ಆ ಕಟ್ಟಡಗಳಿಗೆ ಕಲ್ಲು ಹೊತ್ತವಳ ಮಗಳಿಗೆ ಒಂದು ಪುಸ್ತಕ ಕೊಡೋಕೆ ಅಡ್ರೆಸ್ಸು ಕೇಳ್ತೀವಿ!

ಕಾಗದದ ಮೇಲೆ ಬಾಗಿಲು ತೆರೆದರೆ ಸಾಲದು ಅನ್ನೋದು ನಮಗೆ ಹೊಸ ಪಾಠವೇನಲ್ಲ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಸೇರಿದ್ದು ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಆದರೂ ಮಹಾಡಿನ ಚವದಾರ ಕೆರೆಯ ನೀರು ಮುಟ್ಟೋಕೆ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರ ಜೊತೆ ನಡೆದೇ ಹೋಗಬೇಕಾಯ್ತು.

2007ರಲ್ಲಿ ಈ ಊರು ಬೃಹತ್ ಪಾಲಿಕೆಗೆ ಸೇರಿತು. 2025ರಲ್ಲಿ ಅದನ್ನೂ ಒಡೆದು ಪೂರ್ವ ನಗರ ಪಾಲಿಕೆ ಮಾಡಿದರು. ಬೋರ್ಡು ಬದಲಾದರೆ ದೂರ ಕಮ್ಮಿಯಾಗಲ್ಲ. ನಾವು ಕೇಳೋದು ಮೂರೇ. ವಿಳಾಸ ಇಲ್ಲದವರಿಗೆ ಶಾಖೆಯವರ ಸಹಿಯೇ ಸಾಕಾಗಲಿ. ಈ ವಾರ್ಡಿನಿಂದ ಹೋದ ಕರ ಎಷ್ಟು, ಬಂದ ಪುಸ್ತಕ ಎಷ್ಟು, ಬಾಗಿಲ ಮೇಲೆ ಬರೆದು ಹಾಕಲಿ. ಪುಸ್ತಕ ಆರಿಸೋರ ಜೊತೆ ಇಲ್ಲಿನ ಪೌರಕಾರ್ಮಿಕರು, ಗಾರೆ ಕೆಲಸದವರೂ ಕೂರಲಿ.

ಆ ಹುಡುಗಿ ಈಗ ಎಲ್ಲಿದ್ದಾಳೋ. ಪುಸ್ತಕ ಅವಳ ಹತ್ತಿರವೇ ಇರಲಿ. ನಾಳೆ ಬೆಳಿಗ್ಗೆ ನಾವು ಬಾಗಿಲು ತೆಗೀತೀವಿ. ಅರ್ಜಿ ಮೇಜಿನ ಮೇಲಿರುತ್ತೆ. ಮಕ್ಕಳನ್ನು ಕರಕೊಂಡು ಬನ್ನಿ, ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.