ಅಹಿಂಸೆಗೆ ಜಪಾನೀಯರ ಪದ

(ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜಪಾನೀ ಭಾಷೆಯಲ್ಲಿ ಅಹಿಂಸೆಯನ್ನು ‘ಹಿಬೋರ್ಯೊಕು’ ಎನ್ನುತ್ತಾರೆ. ‘ಹಿ’ ಎಂದರೆ ಅಲ್ಲದ್ದು, ‘ಬೋ’ ಎಂದರೆ ಉದ್ದಂಡವಾದದ್ದು, ‘ರ್ಯೊಕು’ ಎಂದರೆ ಬಲ. ಇದು ಆಧುನಿಕ ಕಾಲದ ಪದ. ಬೌದ್ಧ ಪಂಚಶೀಲದ ಮೊದಲ ನಿಯಮಕ್ಕೆ ಅಲ್ಲಿ ‘ಫುಸೆಶ್ಶೋ’ ಎಂಬ ಹಳೆಯ ಪದವಿದೆ. ಜೀವಿಗಳನ್ನು ಕೊಲ್ಲದಿರುವುದು ಎಂದರ್ಥ. ಅದು ವ್ಯಕ್ತಿಯ ವ್ರತ. ‘ಹಿಬೋರ್ಯೊಕು’ ಹೆಚ್ಚಾಗಿ ಚಳವಳಿಯ ಪದ. ಗಾಂಧೀಜಿಯವರ ಹೋರಾಟವನ್ನು ಹೇಳುವಾಗ ಜಪಾನೀಯರು ಅದರೊಡನೆ ‘ಫುಫುಕುಜೂ’, ಅಂದರೆ ಅವಿಧೇಯತೆ, ಎಂಬ ಪದವನ್ನು ಜೋಡಿಸುತ್ತಾರೆ.

ಪ್ರತಿರೋಧವೇ ಇಲ್ಲದಿರುವುದಕ್ಕೆ ಅವರಲ್ಲಿ ‘ಮುತೇಕೋ’ ಎಂಬ ಬೇರೆಯೇ ಪದವಿದೆ. ನಮ್ಮಲ್ಲಿಯೋ, ಅನ್ಯಾಯದೆದುರು ಬಾಯಿ ಮುಚ್ಚಿ ಕುಳಿತವನನ್ನೂ ಅಹಿಂಸಾವಾದಿಯೆಂದು ಹೊಗಳುವುದುಂಟು!

ಈ ವ್ಯತ್ಯಾಸವನ್ನು ನಿಘಂಟಿಗಿಂತ ಚೆನ್ನಾಗಿ ತೋರಿಸಿದವರು ಓಕಿನಾವಾಕ್ಕೆ ಸೇರಿದ ಇಎ ಎಂಬ ಸಣ್ಣ ದ್ವೀಪದ ರೈತರು. ಯುದ್ಧಾನಂತರ 1972ರವರೆಗೆ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಸೇನೆಯು ತನ್ನ ತರಬೇತಿ ಕ್ಷೇತ್ರಕ್ಕಾಗಿ ಇವರ ಹೊಲಗಳನ್ನು ಕೇಳಿದಾಗ, 1954ರಲ್ಲಿ ರೈತರು ತಮಗೆ ತಾವೇ ಕೆಲವು ನಿಯಮಗಳನ್ನು ಬರೆದುಕೊಂಡರು. ಸೈನಿಕರೊಡನೆ ಮಾತನಾಡುವಾಗ ಕುಳಿತಿರಬೇಕು. ಕೈಯಲ್ಲಿ ಕೋಲು ಮುಂತಾದವುಗಳನ್ನು ಹಿಡಿಯಬಾರದು. ಕೈಯನ್ನು ಕಿವಿಗಿಂತ ಮೇಲೆ ಎತ್ತಬಾರದು. ಎತ್ತಿದ ಕೈಯನ್ನೇ ಹಲ್ಲೆಯೆಂದು ಕರೆಯುವ ಅವಕಾಶ ಎದುರಾಳಿಗೆ ಸಿಗಬಾರದಲ್ಲವೇ? ಕಿವಿಯ ಎತ್ತರವನ್ನು ಅಳತೆಗೋಲಾಗಿಸಿದ ಈ ರೈತರ ಜಾಣ್ಮೆಗೆ ನಾನು ಬೆರಗಾಗಿದ್ದೇನೆ.

1955ರ ಮಾರ್ಚ್‌ನಲ್ಲಿ ಸೈನಿಕರು ಬಂದಿಳಿದು ಮನೆಗಳನ್ನು ಕೆಡವಿ, ಜಮೀನನ್ನು ವಶಪಡಿಸಿಕೊಂಡರು. ರೈತರು ಕೈಯೆತ್ತಲಿಲ್ಲ; ಸುಮ್ಮನೆಯೂ ಇರಲಿಲ್ಲ. ಅದೇ ವರ್ಷದ ಜುಲೈಯಿಂದ ಸುಮಾರು ಏಳು ತಿಂಗಳು ಓಕಿನಾವಾದ ಮುಖ್ಯ ದ್ವೀಪದಲ್ಲಿ ‘ಭಿಕ್ಷುಕರ ಮೆರವಣಿಗೆ’ ನಡೆಸಿದರು. ಬೇಡುವುದು ನಾಚಿಕೆಗೇಡು ನಿಜ, ಆದರೆ ಬಲಾತ್ಕಾರದಿಂದ ನೆಲ ಕಸಿದು ಬೇಡುವಂತೆ ಮಾಡಿದವರದು ಅದಕ್ಕಿಂತ ದೊಡ್ಡ ನಾಚಿಕೆಗೇಡು ಎಂಬುದು ಅವರ ವಾದವಾಗಿತ್ತು. ಮರ್ಯಾದಸ್ಥ ಕುಟುಂಬಗಳು ಊರೂರು ಅಲೆದು ಕೈಚಾಚುವುದೆಂದರೆ ಸಾಮಾನ್ಯ ಮಾತಲ್ಲ. ಬಡತನವನ್ನು ಮುಚ್ಚಿಡಲು ನಾವು ಪಡುವ ಪಾಡನ್ನು ನೆನೆದರೆ ಅವರು ತೆತ್ತ ಬೆಲೆ ಅರಿವಾದೀತು.

ಇವರ ಮುಂದಾಳು ಅಹಾಗೋನ್ ಶೋಕೋ 2002ರಲ್ಲಿ ನಿಧನರಾದರು. 1984ರಲ್ಲಿ ಅವರು ಸ್ಥಾಪಿಸಿದ ವಸ್ತುಸಂಗ್ರಹಾಲಯಕ್ಕೆ, ಜೀವವೇ ನಿಧಿ ಎಂಬರ್ಥದ ಓಕಿನಾವಾದ ನುಡಿಯನ್ನು ಹೆಸರಾಗಿಟ್ಟಿದ್ದಾರೆ. ದ್ವೀಪದ ಒಂದು ಭಾಗ ಇಂದಿಗೂ ಅಮೆರಿಕನ್ ಸೇನೆಯ ವಶದಲ್ಲಿದೆ.