ಪರಿವರ್ತನಕಾಲದಲ್ಲಿ ಮುಂದಾಳಿನ ಧರ್ಮ



ಕಾಲವು ಬದಲಾಗತಕ್ಕದ್ದೆಂಬುದು ಸರ್ವವಿದಿತವಾದ ಮಾತು. ಆದರೆ ಬದಲಾವಣೆಯನ್ನು ಆಜ್ಞಾಪಿಸುವವರು ಬೇರೆ, ಅದನ್ನು ದಿನವೂ ಕೈಯಾರೆ ನಡೆಸುವವರು ಬೇರೆ. ಆಜ್ಞೆಯು ಒಂದು ಹಾಳೆಯಲ್ಲಿ ಮುಗಿಯುತ್ತದೆ. ನಡೆಸುವ ಕೆಲಸವಾದರೋ ವರ್ಷಗಟ್ಟಲೆ ಉಳಿಯುತ್ತದೆ. ಈ ಇಬ್ಬರ ನಡುವಣ ಅಂತರವನ್ನು ಮುಂದಾಳಾದವನು ಹೇಗೆ ತುಂಬತಕ್ಕದ್ದೆಂಬುದೇ ಇಂದಿನ ವಿಚಾರ. ಬರಿಯ ತತ್ತ್ವವನ್ನು ಹೇಳಿದರೆ ಅದು ಮನಸ್ಸಿನಲ್ಲಿ ನೆಲೆನಿಲ್ಲದು. ಆದುದರಿಂದ ಈ ನಾಡಿನ ರೈತರೆಲ್ಲರಿಗೂ ಪರಿಚಿತವಾದ ಒಂದು ಕಾಗದವನ್ನೇ ನಿದರ್ಶನವಾಗಿ ತೆಗೆದುಕೊಳ್ಳುವುದು ಯುಕ್ತವಾಗಿದೆ. ಆ ಕಾಗದವೇ ಪಹಣಿ.

ಹಿಂದೆ ಊರಿನ ಭೂಮಿಯ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿದ್ದಿತು. ಉತ್ತರದ ಜಿಲ್ಲೆಗಳಲ್ಲಿ ಅವರಿಗೆ ಕುಲಕರ್ಣಿಗಳೆಂದು ಹೆಸರು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಅಧಿಕಾರವು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಕೊನೆಗೊಂಡಿತು. 1963ರಲ್ಲಿ ಆ ಕಾಯಿದೆ ಜಾರಿಗೆ ಬಂದ ಮೇಲೆ ಸಂಬಳದ ನೌಕರನಾದ ಗ್ರಾಮಲೆಕ್ಕಿಗನು ಅವರ ಸ್ಥಾನಕ್ಕೆ ಬಂದನು. ಆದರೆ ಪುಸ್ತಕವು ಮಾತ್ರ ಹಿಂದಿನಂತೆ ಒಬ್ಬನ ವಶದಲ್ಲಿಯೇ ಉಳಿಯಿತು. ಕೆಲವು ಊರುಗಳಿಗೆ ಒಬ್ಬ ಲೆಕ್ಕಿಗ. ಆತನು ಇಂದು ಯಾವ ಊರಿನಲ್ಲಿರುವನೆಂದು ಹುಡುಕುವುದೇ ರೈತನ ಮೊದಲನೆಯ ಕೆಲಸ. ಸಾಲಕ್ಕೆ ಪಹಣಿ ಬೇಕು, ವ್ಯಾಜ್ಯಕ್ಕೆ ಪಹಣಿ ಬೇಕು, ಮಗಳ ಮದುವೆಗೆಂದು ಹೊಲವನ್ನು ಅಡವಿಡುವುದಕ್ಕೂ ಪಹಣಿ ಬೇಕು. ಅದಕ್ಕಾಗಿ ಅಲೆದವರು, ಕೈಬಿಸಿ ಮಾಡಿದವರು ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದರು.

1990ರ ದಶಕದಲ್ಲಿ ಕೇಂದ್ರ ಸರ್ಕಾರದ ಯೋಜನೆಯೊಂದರ ಮೂಲಕ ಈ ಲೆಕ್ಕಗಳನ್ನು ಗಣಕಯಂತ್ರಕ್ಕೆ ಏರಿಸುವ ಮೊದಲನೆಯ ಪ್ರಯತ್ನ ನಡೆಯಿತು. ಅದು ಫಲಿಸಲಿಲ್ಲ. ಅದಕ್ಕೆ ಯಂತ್ರದ ದೋಷ ಕಾರಣವಲ್ಲ. ಲೆಕ್ಕವನ್ನು ಒಮ್ಮೆ ಯಂತ್ರದಲ್ಲಿ ತುಂಬಿದ ಮೇಲೆಯೂ ಊರಿನಲ್ಲಿ ಕೈಬರಹದ ಪುಸ್ತಕವು ಎಂದಿನಂತೆ ನಡೆಯುತ್ತಲೇ ಇದ್ದಿತು. ಕ್ರಯ, ವಿಭಾಗ, ವಾರಸಾ ಇವೆಲ್ಲವೂ ಆ ಪುಸ್ತಕದಲ್ಲಿಯೇ ದಾಖಲಾಗುತ್ತಿದ್ದುದರಿಂದ ಯಂತ್ರದ ಲೆಕ್ಕವು ಸ್ವಲ್ಪ ಕಾಲದಲ್ಲಿಯೇ ಹಳಸಿಹೋಯಿತು. ಒಂದೇ ಹೊಲಕ್ಕೆ ಎರಡು ಲೆಕ್ಕಗಳಾದಾಗ ಜನರು ತಮಗೆ ತಿಳಿದ ಹಳೆಯದನ್ನೇ ನಂಬುವುದು ಸಹಜ. ಹೊಸದನ್ನು ತರುವ ಉತ್ಸಾಹವು ಮೇಲಿನವರಲ್ಲಿದ್ದಿತು. ಹಳೆಯದನ್ನು ನಿಲ್ಲಿಸುವ ಧೈರ್ಯವು ಇರಲಿಲ್ಲ.

2000ನೆಯ ಇಸವಿಯ ಹೊತ್ತಿಗೆ ‘ಭೂಮಿ’ ಎಂಬ ಹೆಸರಿನಲ್ಲಿ ಎರಡನೆಯ ಪ್ರಯತ್ನ ಆರಂಭವಾಯಿತು. ಕಂದಾಯ ಇಲಾಖೆಯಲ್ಲಿ ಇದರ ಮುಂದಾಳತ್ವವನ್ನು ವಹಿಸಿದವರು ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿ, 170ಕ್ಕೂ ಹೆಚ್ಚು ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಗಳನ್ನು ತೆರೆಯಲಾಯಿತು. ಅಂದು 15 ರೂಪಾಯಿ ಕೊಟ್ಟ ಯಾರಿಗಾದರೂ ಅಚ್ಚಾದ ಪಹಣಿ ದೊರೆಯುವಂತಾಯಿತು. ಯಂತ್ರದ ಎರಡನೆಯ ತೆರೆಯೊಂದನ್ನು ರೈತನ ಕಡೆಗೆ ತಿರುಗಿಸಿಟ್ಟು, ಒಳಗೆ ನಡೆಯುವುದನ್ನು ಆತನೂ ಕಾಣುವಂತೆ ಮಾಡಲಾಯಿತು.

ಈ ಪ್ರಯತ್ನವು ಹಿಂದಿನದರಂತೆ ಮುರಿದು ಬೀಳದಿರಲು ಕಾರಣಗಳೇನು? ಮೊದಲನೆಯದಾಗಿ, ಒಂದು ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತೆಂದರೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. ಎರಡು ದೋಣಿಗಳಲ್ಲಿ ಕಾಲಿಡುವ ಅವಸ್ಥೆ ಆಗಲೇ ತಪ್ಪಿತು. ಎರಡನೆಯದಾಗಿ, ಯಂತ್ರದಿಂದ ಹೊರಬಂದ ಹಾಳೆಗಳನ್ನು ಮೂಲ ಪುಸ್ತಕದೊಡನೆ ತಾಳೆನೋಡುವ ಹೊಣೆಯನ್ನು ಗ್ರಾಮಲೆಕ್ಕಿಗರಿಗೇ ವಹಿಸಲಾಯಿತು. ಯಾರ ಅಧಿಕಾರವು ಈ ಬದಲಾವಣೆಯಿಂದ ಕುಗ್ಗುವುದೋ ಅವರ ಅನುಭವವಿಲ್ಲದೆ ಬದಲಾವಣೆಯು ನಿಜವಾಗದು ಎಂಬುದನ್ನು ಮುಂದಾಳುಗಳು ಅರಿತಿದ್ದರು. ಮೂರನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡತಕ್ಕ ಏರ್ಪಾಡಾಯಿತು. ಯಂತ್ರದ ಮುಂದೆ ಕುಳಿತವನು ಬೆರಳಚ್ಚನ್ನಿತ್ತ ಮೇಲೆಯೇ ಕೆಲಸಕ್ಕೆ ತೊಡಗಬೇಕಾದುದರಿಂದ ಯಾವ ತಿದ್ದುಪಡಿ ಯಾರದೆಂಬುದು ಮರೆಯಾಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲ ದರ್ಜೆಯ ನೌಕರರಿಗೂ ಶಿಕ್ಷಣವನ್ನು ಕೊಡಲಾಯಿತು.

ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚುವುದು ಸತ್ಯಕ್ಕೆ ದ್ರೋಹ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಯಂತ್ರಕ್ಕೂ ಏರಿದವು. ಅವುಗಳನ್ನು ತಿದ್ದಿಸಲು ರೈತನು ತಾಲ್ಲೂಕಿಗೆ ಅಲೆಯಬೇಕಾಯಿತು. ಬೆಂಗಳೂರಿನ ಸುತ್ತಣ ಭೂವ್ಯವಹಾರದಲ್ಲಿ ಇದರ ಅನುಕೂಲವು ಸಣ್ಣ ಹಿಡುವಳಿದಾರನಿಗಿಂತ ದೊಡ್ಡ ಖರೀದಿದಾರರಿಗೇ ಹೆಚ್ಚಾಗಿ ಒದಗಿತೆಂದು ಆಕ್ಷೇಪಿಸಿದವರೂ ಉಂಟು. ಯಂತ್ರವು ಲೆಕ್ಕವನ್ನು ಬೇಗ ತೋರಿಸಬಲ್ಲುದು. ಆ ಲೆಕ್ಕ ನ್ಯಾಯವಾದುದೆ ಎಂಬುದನ್ನು ಮನುಷ್ಯನೇ ವಿಚಾರಿಸಬೇಕು.

ಇನ್ನು ಇದೇ ಕಥೆಯ ಈಚಿನ ಭಾಗ. ಗ್ರಾಮಲೆಕ್ಕಿಗನಿಗೆ ಗ್ರಾಮ ಆಡಳಿತಾಧಿಕಾರಿಯೆಂಬ ಹೊಸ ಹೆಸರು ಬಂದಿತು. ಹೆಸರಿನೊಡನೆ ಕೆಲಸವೂ ಬೆಳೆಯಿತು. ಬೆಳೆಯ ಸಮೀಕ್ಷೆಗೊಂದು, ಸರ್ಕಾರಿ ಜಮೀನಿನ ಕಾವಲಿಗೊಂದು, ಪಹಣಿಗೆ ಆಧಾರ್ ಜೋಡಿಸುವುದಕ್ಕೊಂದು, ಹೀಗೆ 15ಕ್ಕೂ ಮೀರಿದ ಮೊಬೈಲ್ ಆ್ಯಪ್‌ಗಳು ಆತನ ಕೈಗೆ ಬಂದವು. 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರವನ್ನು ಹೂಡಿ ಈ ಆ್ಯಪ್‌ಗಳ ಕೆಲಸವನ್ನು ನಿಲ್ಲಿಸಿದರು. 2025ರ ಫೆಬ್ರವರಿಯಲ್ಲಿ ಪುನಃ ಮುಷ್ಕರಕ್ಕೆ ಇಳಿದರು. ಅವರು ಕೇಳಿದುದೇನು? ಕುಳಿತು ಕೆಲಸ ಮಾಡಲು ಕಚೇರಿ, ಮೇಜು, ಕುರ್ಚಿ. ಆ್ಯಪ್ ನಡೆಸಲು ತಕ್ಕ ಫೋನು, ಲ್ಯಾಪ್‌ಟಾಪು. ಸಾಧ್ಯವಾಗದ ಗಡುವಿನ ಒತ್ತಡದಿಂದ ಬಿಡುಗಡೆ. ಹೊಸತು ಬೇಡವೆಂಬ ಮೊಂಡುತನ ಈ ಬೇಡಿಕೆಗಳಲ್ಲಿ ಕಾಣುವುದಿಲ್ಲ. ಹೊಸತನ್ನು ಹೊರಿಸಿದವರು ಅದನ್ನು ಹೊರುವ ಬೆನ್ನನ್ನು ನೋಡಲಿಲ್ಲವೆಂಬ ನೋವು ಮಾತ್ರ ಕಾಣುತ್ತದೆ.

ಮೂರು ಸಂದರ್ಭಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವ ಮಾತು ಒಂದೇ. ಹೊಸ ಹೊರೆಯನ್ನು ಹೊರಿಸುವಾಗ ಹಳೆಯ ಹೊರೆಯನ್ನು ಇಳಿಸತಕ್ಕದ್ದು. 1990ರ ದಶಕದಲ್ಲಿ ಹಳೆಯದು ಇಳಿಯಲಿಲ್ಲ, ಕೆಲಸವು ಕೆಟ್ಟಿತು. ‘ಭೂಮಿ’ಯಲ್ಲಿ ಕೈಬರಹವು ಇಳಿಯಿತು, ಕೆಲಸವು ನಿಂತಿತು. ಈಚೆಗೆ ಒಂದರ ಮೇಲೊಂದು ಏರುತ್ತ ಹೋಯಿತು, ಇಳಿದುದು ಸಾಲಲಿಲ್ಲ. ಕೆಲಸ ಮಾಡುವವನೇ ಬೀದಿಗೆ ಬರಬೇಕಾಯಿತು.

ಈ ಮಾತು ಸರ್ಕಾರಕ್ಕೆ ಮಾತ್ರ ಸಲ್ಲುವುದೆಂದು ಭಾವಿಸಬಾರದು. ಪಾಠಶಾಲೆ, ಉಚಿತ ವಸತಿಗೃಹ, ಸಹಕಾರಿ ಪತ್ತಿನ ಸಂಘ ಇವುಗಳನ್ನು ನಡೆಸುವ ಮಹನೀಯರು ಈ ಸಭೆಯಲ್ಲಿ ಅನೇಕರಿದ್ದಾರೆ. ಮಕ್ಕಳ ಹಾಜರಿಯನ್ನು ಯಂತ್ರದಲ್ಲಿ ಬರೆಯಿರೆಂದು ಉಪಾಧ್ಯಾಯರಿಗೆ ಹೇಳಿ, ಹಳೆಯ ಹಾಜರಿ ಪುಸ್ತಕವನ್ನೂ ಇಡಿರೆಂದು ಹೇಳಿದರೆ, ಆ ಎರಡನೆಯ ಬರಹಕ್ಕೆ ಬೇಕಾದ ಹೊತ್ತನ್ನು ಅವರು ಎಲ್ಲಿಂದ ತರಬೇಕು? ಪಾಠದ ಹೊತ್ತಿನಿಂದಲೇ ಅಲ್ಲವೆ? ನಷ್ಟವು ಯಾವ ಲೆಕ್ಕದಲ್ಲಿಯೂ ಕಾಣದೆ ಮಗುವಿನ ಪಾಲಿಗೆ ಬೀಳುತ್ತದೆ.

ಆದುದರಿಂದ ಮುಂದಾಳಾದವನು ಆಜ್ಞೆಯನ್ನು ಹೊರಡಿಸುವ ಮೊದಲು, ಆ ಕೆಲಸವನ್ನು ಮಾಡುವವನ ಪಕ್ಕದಲ್ಲಿ ಒಂದು ದಿನವಾದರೂ ಕುಳಿತು ನೋಡಲಿ. ಇದರಿಂದ ಏನು ನಿಲ್ಲುವುದು, ಯಾವ ದಿನ ನಿಲ್ಲುವುದು ಎಂಬುದನ್ನು ಸ್ಪಷ್ಟವಾಗಿ ಹೇಳಲಿ. ಕಲಿಯುವ ವೇಳೆಯನ್ನು ಕೆಲಸದ ವೇಳೆಯೊಳಗೇ ಕೊಡಲಿ. ಮೊದಲ ತಿಂಗಳುಗಳಲ್ಲಿ ತಪ್ಪಾದರೆ ಅದರ ಹೊಣೆಯನ್ನು ತಾನೂ ಹೊರಲಿ. ಕೆಳಗಿನವನ ತಲೆಗೆ ಕಟ್ಟದಿರಲಿ. ಯಾವನ ಗೌರವವು ಹಳೆಯ ವಿದ್ಯೆಯಿಂದ ಬಂದಿದ್ದಿತೋ ಆತನಿಗೆ ಹೊಸ ವ್ಯವಸ್ಥೆಯಲ್ಲಿಯೂ ಗೌರವದ ಸ್ಥಾನವೊಂದನ್ನು ಹುಡುಕಲಿ. ಇವಾವುವೂ ಹೆಚ್ಚು ಹಣವನ್ನು ಬೇಡುವ ಕೆಲಸಗಳಲ್ಲ. ತಾಳ್ಮೆಯನ್ನೂ ಕೆಳಗಿನವನ ಮಾತನ್ನು ಕೇಳುವ ಕಿವಿಯನ್ನೂ ಬೇಡುವಂಥವು.

ಹಬ್ಬದ ದಿನ ತೇರನ್ನೆಳೆಯುವಾಗ ಮುಂದೆ ಹಗ್ಗವನ್ನು ಹಿಡಿದವರು ನೂರಾರು ಮಂದಿ. ಗಾಲಿಯ ಬಳಿ ಸನ್ನೆಯ ಮರವನ್ನು ಕೊಡುವವರು ನಾಲ್ಕೈದು ಮಂದಿ ಮಾತ್ರ. ಅವರು ಕೈಯೆತ್ತಿ ನಿಲ್ಲಿಸಿರೆಂದಾಗ ಹಗ್ಗದವರು ನಿಲ್ಲಬೇಕು. ಇಂಥ ಶುಭಸಮಾರಂಭದಲ್ಲಿ ಸೇರಿರುವ ಎಲ್ಲ ಮುಂದಾಳುಗಳಿಗೂ ಗಾಲಿಯ ಬಳಿಯವರ ಕೂಗನ್ನು ಕೇಳುವ ಬುದ್ಧಿಯು ಸದಾ ಇರಲೆಂದು ಹಾರೈಸುವುದು ಉಚಿತವಾಗಿದೆ.

ಸರ್ವರಿಗೂ ಮಂಗಳವಾಗಲಿ.